ಸಣ್ಣ ಉಪಗ್ರಹಗಳೂ ವಿಜ್ಞಾನಸಂಶೋಧನೆಯೂ

ಚಳ್ಳಕೆರೆ ಮೊಳಕಾಲ್ಮುರು ಸೀಮೆಯು ಮಳೆಗೆ ಬಡವಾದ ನಾಡು. ಶೇಂಗಾ, ಕುರಿ, ಕಂಬಳಿ, ರೇಷ್ಮೆಸೀರೆ ಇವುಗಳಿಂದ ಹೆಸರಾದ ಈ ಎರಡು ತಾಲ್ಲೂಕುಗಳ ಮನೆಗಳಲ್ಲಿ ಮಿತವ್ಯಯವೆಂಬುದು ಪುಸ್ತಕದಿಂದ ಕಲಿಯಬೇಕಾದ ಗುಣವಲ್ಲ. ಆದುದರಿಂದ ಸ್ವಲ್ಪ ವೆಚ್ಚದಲ್ಲಿ ಅಂತರಿಕ್ಷವನ್ನು ಶೋಧಿಸುವ ಬಗೆಯನ್ನು ಈ ಶಾಲೆಯಲ್ಲಿ ಓದಿ ಹೋದ ಸೋದರಿಯರಿಗೂ, ಬಾಲಕಿಯರ ತಾಯ್ತಂದೆಗಳಿಗೂ ತಿಳಿಯಹೇಳುವುದು ಕಷ್ಟವಾಗಲಾರದು. ಅದಕ್ಕೆ ಬೇಕಾದ ದೃಷ್ಟಾಂತಗಳಲ್ಲಿ ಕೆಲವು ನಮ್ಮ ಬಯಲಿನಲ್ಲಿಯೇ ದೊರೆಯುವುವು.

ಉಪಗ್ರಹವು ಆಕಾಶದಲ್ಲಿ ತೂಗಹಾಕಿದ ದೀಪದಂತೆ ನಿಂತಿರುವ ವಸ್ತುವಲ್ಲ. ಅದು ಸದಾ ಭೂಮಿಯ ಕಡೆಗೆ ಬೀಳುತ್ತಲೇ ಇರುವುದು. ಆದರೆ ಅದರ ಅಡ್ಡಗತಿಯು ಎಷ್ಟು ತೀವ್ರವೆಂದರೆ, ಬೀಳುವಷ್ಟರಲ್ಲಿ ಗುಂಡಾದ ಭೂಮಿಯೂ ಬಾಗಿ ಸರಿದಿರುವುದು. ೫೦೦ ಕಿಲೋಮೀಟರು ಎತ್ತರದಲ್ಲಿ ಈ ವೇಗವು ಸೆಕೆಂಡಿಗೆ ಸುಮಾರು ೭.೬ ಕಿಲೋಮೀಟರು. ಒಂದು ಪ್ರದಕ್ಷಿಣೆಗೆ ಒಂದೂವರೆ ಗಂಟೆಗಿಂತ ತುಸು ಹೆಚ್ಚು ಹೊತ್ತು ಸಾಕು. ಇಂತಹ ವೇಗವನ್ನು ಕೊಡಲು ರಾಕೆಟ್ಟು ಅಪಾರ ಇಂಧನವನ್ನು ಸುಡಬೇಕು. ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟು ನೆಲವನ್ನು ಬಿಡುವಾಗ ಸುಮಾರು ೩೨೦ ಟನ್ ತೂಗುವುದು; ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಗೆ ಅದು ಒಯ್ಯಬಲ್ಲ ಹೊರೆ ೧,೭೫೦ ಕಿಲೋಗ್ರಾಂ ಮಾತ್ರ. ಎಂದರೆ ಒಂದು ಕಿಲೋಗ್ರಾಂ ಸಾಮಾನನ್ನು ಮೇಲಕ್ಕೆ ಕಳುಹಿಸಲು ಸುಮಾರು ೧೮೦ ಕಿಲೋಗ್ರಾಂ ತೂಕವನ್ನು ನೆಲದಿಂದ ಎಬ್ಬಿಸಬೇಕಾಗುವುದು.

ಆದುದರಿಂದ ಉಳಿತಾಯದ ಮೊದಲನೆಯ ಮಾರ್ಗವು ಹೊರೆಯನ್ನು ಹಗುರಮಾಡುವುದು. ೧೯೯೯ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಹತ್ತು ಸೆಂಟಿಮೀಟರು ಬದಿಯ ಒಂದು ಘನಾಕೃತಿಯನ್ನು ಗೊತ್ತುಮಾಡಿದರು. ಇದೇ ಕ್ಯೂಬ್‌ಸ್ಯಾಟ್. ಅಳತೆಯು ಒಂದೇ ಆದುದರಿಂದ ಇಂತಹವನ್ನು ಯಾವ ರಾಕೆಟ್ಟಿನಲ್ಲಿ ಉಳಿದ ಜಾಗದಲ್ಲಿಯಾದರೂ ಕೂರಿಸಬಹುದು. ೨೦೧೭ರ ಫೆಬ್ರವರಿ ೧೫ರಂದು ಪಿ.ಎಸ್.ಎಲ್.ವಿ.ಯು ಒಂದೇ ಯಾನದಲ್ಲಿ ೧೦೪ ಉಪಗ್ರಹಗಳನ್ನು ಒಯ್ದಿತು. ಅದಕ್ಕೂ ಮೊದಲು, ೨೦೧೦ರ ಜುಲೈ ೧೨ರಂದು, ಬೆಂಗಳೂರು ಹೈದರಾಬಾದುಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ರಚಿಸಿದ ‘ಸ್ಟಡ್‌ಸ್ಯಾಟ್’ ಕಕ್ಷೆಯನ್ನು ಸೇರಿತ್ತು. ಅದರ ತೂಕ ಒಂದು ಕಿಲೋಗ್ರಾಂ ಕೂಡ ಇರಲಿಲ್ಲ.

ಎರಡನೆಯ ಮಾರ್ಗವು ಒಮ್ಮೆ ಬಳಸಿದುದನ್ನು ಮತ್ತೆ ಬಳಸುವುದು. ಹಳೆಯ ಸೀರೆಯಿಂದ ಕೌದಿಯನ್ನು ಹೊಲಿಯುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೨೪ರ ಜನವರಿ ೧ರಂದು ‘ಎಕ್ಸ್‌ಪೋಸ್ಯಾಟ್’ ಎಂಬ ಉಪಗ್ರಹವನ್ನು ಹಾರಿಸಿದರು. ನಕ್ಷತ್ರಲೋಕದಿಂದ ಬರುವ ಕ್ಷಕಿರಣಗಳ ಕಂಪನದ ದಿಕ್ಕನ್ನು ಅಳೆಯುವ ಅದರ ಮುಖ್ಯ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ನಿರ್ಮಿಸಿದ್ದರು. ಉಪಗ್ರಹವನ್ನು ಇಳಿಸಿದ ಮೇಲೆ ಕಸವಾಗಿ ಉಳಿಯಬೇಕಾಗಿದ್ದ ರಾಕೆಟ್ಟಿನ ಕೊನೆಯ ಹಂತವನ್ನು ೩೫೦ ಕಿಲೋಮೀಟರು ಎತ್ತರಕ್ಕೆ ತಂದು, ಅದನ್ನೇ ಹತ್ತು ಸಣ್ಣ ಉಪಕರಣಗಳ ಪ್ರಯೋಗಪೀಠವನ್ನಾಗಿ ಮಾಡಿದರು. ಅವುಗಳಲ್ಲಿ ಒಂದು ತಿರುವನಂತಪುರದ ಮಹಿಳಾ ತಾಂತ್ರಿಕ ಕಾಲೇಜಿನಲ್ಲಿ ಸಿದ್ಧವಾದುದು; ನೇರಳಾತೀತ ಕಿರಣಗಳನ್ನು ಅಳೆಯುವುದು ಅದರ ಕೆಲಸವಾಗಿತ್ತು.

ಇದೇ ಮಾರ್ಗದ ಇನ್ನೊಂದು ಪ್ರಯತ್ನವು ಚಳ್ಳಕೆರೆಯ ಬಯಲಿನಲ್ಲಿ ನಡೆಯಿತು. ಅಂತರಿಕ್ಷಕ್ಕೆ ಹೋದ ವಾಹನವು ವಿಮಾನದಂತೆ ಹಿಂದಿರುಗಿ ಬಂದರೆ ಅದನ್ನು ಮತ್ತೆ ಕಳುಹಿಸಬಹುದಲ್ಲವೆ? ‘ಪುಷ್ಪಕ’ವೆಂಬ ರೆಕ್ಕೆಯ ವಾಹನವನ್ನು ಇಲ್ಲಿಯ ವಾಯುಯಾನ ಪರೀಕ್ಷಾ ಕ್ಷೇತ್ರದಲ್ಲಿ ೨೦೨೩ರ ಏಪ್ರಿಲ್ ೨, ೨೦೨೪ರ ಮಾರ್ಚ್ ೨೨ ಮತ್ತು ಜೂನ್ ೨೩ರಂದು ಮೂರು ಸಾರಿ ಪರೀಕ್ಷಿಸಿದರು. ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟುಬಿಡುವುದು, ಒಳಗೆ ಚಾಲಕನಿಲ್ಲ, ವಾಹನವು ತಾನೇ ದಾರಿಯನ್ನು ತಿದ್ದಿಕೊಂಡು ಓಟದ ಹಾದಿಗೆ ಇಳಿಯಬೇಕು. ಮೂರನೆಯ ಸಾರಿ ಬೇಕೆಂದೇ ಅದನ್ನು ಹಾದಿಯ ನೇರದಿಂದ ೫೦೦ ಮೀಟರು ಪಕ್ಕಕ್ಕೆ ಬಿಟ್ಟರು. ಗಂಟೆಗೆ ೩೨೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಅದು ನೆಲವನ್ನು ಮುಟ್ಟಿ, ಹಿಂದೆ ಬಿಚ್ಚಿದ ಕೊಡೆಯಿಂದ ವೇಗವನ್ನು ತಗ್ಗಿಸಿಕೊಂಡು, ಕ್ಷೇಮವಾಗಿ ನಿಂತಿತು. ಎರಡನೆಯ ಪರೀಕ್ಷೆಯ ದೇಹವನ್ನೇ ಮೂರನೆಯದಕ್ಕೂ ಬಳಸಿದರೆಂಬುದು ಗಮನಾರ್ಹ. ಕಕ್ಷೆಯಿಂದ ಮರಳಿ ಬರುವುದಕ್ಕೆ ಇದು ಮೊದಲ ಮೆಟ್ಟಿಲು ಮಾತ್ರ.

ಮೂರನೆಯ ಮಾರ್ಗವು ನೆಲದ ಮೇಲೆ ಚೆನ್ನಾಗಿ ಪರೀಕ್ಷಿಸುವುದು. ಮೊಳಕಾಲ್ಮುರಿನ ಸೀರೆಯ ಅಂಚಿನ ಚಿತ್ರವನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆದು ನೋಡಿ, ಬಳಿಕ ಮಗ್ಗಕ್ಕೆ ಏರಿಸುವರು. ಕಾಗದದ ಮೇಲಿನ ತಪ್ಪು ಕಾಸಿನದು. ರೇಷ್ಮೆಯ ಮೇಲಿನ ತಪ್ಪು ಸಾವಿರಾರು ರೂಪಾಯಿಯದು. ಅಂತೆಯೇ ಚಂದ್ರಯಾನದ ವಿಜ್ಞಾನಿಗಳು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂತಹ ಕುಳಿಗಳನ್ನು ತೋಡಿಸಿ, ಇಳಿನೌಕೆಯ ಕಣ್ಣುಗಳೆನಿಸಿದ ಉಪಕರಣಗಳನ್ನು ಸಣ್ಣ ವಿಮಾನದಲ್ಲಿರಿಸಿ, ಅವುಗಳ ಮೇಲೆ ಹಾರಿಸಿ ನೋಡಿದರು.

ಇಷ್ಟು ಎಚ್ಚರವಹಿಸಿದ ಮೇಲೆಯೂ ಸೋಲು ಬಾರದೆ ಇರುವುದೆ? ಬರುವುದು. ಉಡುಪಿಯ ಕಡೆಯವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ‘ಆರ್ಯಭಟ’ವು ೧೯೭೫ರ ಏಪ್ರಿಲ್ ೧೯ರಂದು ಕಕ್ಷೆಯನ್ನು ಸೇರಿತು, ಕೆಲವೇ ದಿನಗಳಲ್ಲಿ ವಿದ್ಯುತ್ತಿನ ಸರಬರಾಜು ಕೆಟ್ಟು ಅದರ ಪ್ರಯೋಗಗಳು ನಿಂತುಹೋದುವು. ಆದರೂ ಅಲ್ಲಿ ಕಲಿತುದೇ ೧೯೭೯ರ ‘ಭಾಸ್ಕರ’ಕ್ಕೆ ಬಂಡವಾಳವಾಯಿತು. ೨೦೧೯ರಲ್ಲಿ ಚಂದ್ರನ ನೆಲಕ್ಕೆ ಅಪ್ಪಳಿಸಿದ ಇಳಿನೌಕೆಯ ಪಾಠದಿಂದಲೇ ೨೦೨೩ರ ಆಗಸ್ಟ್ ೨೩ರ ಜಯವು ಲಭಿಸಿತು.

ಈ ವಿಷಯದಲ್ಲಿ ನಮ್ಮ ಬಾಲಕಿಯರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದುಂಟು. ದೇಶದ ನಾನಾ ಕಡೆಯ ೭೫೦ ಮಂದಿ ಶಾಲಾಬಾಲಕಿಯರು ಕೈಗೂಡಿಸಿ ರಚಿಸಿದ ‘ಆಜಾದಿಸ್ಯಾಟ್’ ೨೦೨೨ರ ಆಗಸ್ಟ್ ೭ರಂದು, ಎಸ್.ಎಸ್.ಎಲ್.ವಿ. ಎಂಬ ಹೊಸ ಸಣ್ಣ ರಾಕೆಟ್ಟಿನ ಮೊದಲ ಯಾನದಲ್ಲಿ ಹೊರಟಿತು. ರಾಕೆಟ್ಟು ಅದನ್ನು ಸರಿಯಾದ ಕಕ್ಷೆಗೆ ಸೇರಿಸಲಿಲ್ಲ, ಉಪಗ್ರಹವು ನಷ್ಟವಾಯಿತು. ಸುಮಾರು ಆರು ತಿಂಗಳಲ್ಲಿ, ೨೦೨೩ರ ಫೆಬ್ರವರಿ ೧೦ರಂದು, ಎಂಟು ಕಿಲೋಗ್ರಾಮಿಗಿಂತ ತುಸು ಹೆಚ್ಚು ತೂಗುವ ಎರಡನೆಯ ‘ಆಜಾದಿಸ್ಯಾಟ್’ ೪೫೦ ಕಿಲೋಮೀಟರು ಎತ್ತರದ ಕಕ್ಷೆಯನ್ನು ಸೇರಿತು. ಸಾವಿರ ಕಿಲೋಗ್ರಾಮಿನ ಉಪಗ್ರಹವು ಹಾಳಾಗಿದ್ದರೆ ಇಷ್ಟು ಬೇಗನೆ ಮತ್ತೊಂದನ್ನು ಕಳುಹಿಸುವುದು ಸಾಧ್ಯವಾಗುತ್ತಿತ್ತೆ? ಅಲ್ಪವೆಚ್ಚದ ನಿಜವಾದ ಲಾಭವು ಉಳಿದ ಹಣವಲ್ಲ. ಎರಡನೆಯ ಸಾರಿ ಪ್ರಯತ್ನಿಸುವ ಸ್ವಾತಂತ್ರ್ಯವೇ ಆ ಲಾಭ.

ಸಣ್ಣದರಿಂದ ಎಲ್ಲವೂ ಆಗುವುದೆಂದು ಭಾವಿಸಬಾರದು. ದೂರದ ನಕ್ಷತ್ರದ ಮಂದಪ್ರಕಾಶವನ್ನು ಸಂಗ್ರಹಿಸಲು ದೊಡ್ಡ ದರ್ಪಣವೇ ಬೇಕು. ೨೦೧೫ರ ‘ಆಸ್ಟ್ರೋಸ್ಯಾಟ್’ ಒಂದೂವರೆ ಟನ್ ತೂಗುತ್ತಿದ್ದುದು ವ್ಯರ್ಥವಾಗಿ ಅಲ್ಲ. ವೆಚ್ಚದ ಲೆಕ್ಕವನ್ನು ಬರೆಯುವಾಗ ನೆಲದ ಲೆಕ್ಕವನ್ನೂ ಮರೆಯಬಾರದು. ಮೈಸೂರರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ, ಸುತ್ತಲಿನ ಹಳ್ಳಿಗಳ ಕುರಿಗಳನ್ನು ಸಲಹಿದ ಕಾವಲುಗಳಲ್ಲಿ ಸಾವಿರಾರು ಎಕರೆ ಈ ಬಗೆಯ ಸಂಸ್ಥೆಗಳ ಬೇಲಿಯೊಳಗೆ ಸೇರಿತು. ಆ ಹುಲ್ಲನ್ನು ಕಳೆದುಕೊಂಡ ಕುರಿಗಾಹಿಯೂ ಈ ಸಂಶೋಧನೆಗೆ ತನ್ನ ಪಾಲನ್ನು ಕೊಟ್ಟವನೇ. ಅವನ ಮಗಳು ಬೇಲಿಯ ಹೊರಗೆ ನಿಂತು ಪುಷ್ಪಕವನ್ನು ನೋಡಿದರೆ ಸಾಲದು. ಒಳಗೆ ಕುಳಿತು ಅದರ ಗಣಿತವನ್ನು ಮಾಡಬೇಕು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನದ ಶಿಕ್ಷಣವನ್ನು ಕೊಡುತ್ತ ಬಂದಿರುವುದು ಈ ದಿಕ್ಕಿನಲ್ಲಿ ಒಳ್ಳೆಯ ಮೊದಲು.

ಉಳಿದುದು ಮನೆಯ ಕೆಲಸ. ಗಣಿತದಲ್ಲಿ ಒಮ್ಮೆ ತೇರ್ಗಡೆಯಾಗದ ಹುಡುಗನನ್ನು ಮರುವರ್ಷ ಪರೀಕ್ಷೆಗೆ ಕೂರಿಸಿ, ಹುಡುಗಿಗಾದರೆ ವರನನ್ನು ಹುಡುಕುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ತಾಯ್ತಂದೆಗಳೇ, ಕೋಟಿಗಟ್ಟಲೆ ಹಣವನ್ನು ವ್ಯಯಿಸುವ ದೇಶವು ತನ್ನ ಯಂತ್ರಕ್ಕೆ ಎರಡನೆಯ ಅವಕಾಶವನ್ನು ಕೊಡುತ್ತಿದೆ. ನಿಮ್ಮ ಮಗಳಿಗೆ ಅದನ್ನು ಕೊಡಲು ತಗಲುವುದು ಒಂದು ವರ್ಷದ ಶುಲ್ಕವೂ, ಸಂಜೆಯ ಹೊತ್ತು ಓದಲು ಒಂದಿಷ್ಟು ಬಿಡುವೂ ಅಷ್ಟೆ.