ಲಂಡನ್ನಿನ ಕೆಸರು, ಲಂಡನ್ನಿನ ತಾವರೆ

ಹಾಡುವುದೆಂದರೆ ರಾಗವಾಗಿ ಹೇಳುವುದೆಂದು ನಂಬಿ ಬೆಳೆದ ನಮ್ಮಂಥವರ ಕಿವಿಗೆ ‘ರ‍್ಯಾಪ್’ ಎಂಬ ಪಾಶ್ಚಾತ್ಯ ಹಾಡುಗಾರಿಕೆಯು ಮೊದಲ ಸಲ ಬಿದ್ದಾಗ, ಯಾರೋ ತಾಳಕ್ಕೆ ಸರಿಯಾಗಿ ಜಗಳವಾಡುತ್ತಿರುವರೆಂದೇ ತೋರುವುದು. ನಮಗೂ ಹಾಗೆಯೇ ತೋರಿತ್ತು. ಕಾಲೇಜಿಗೆ ಹೋಗುವ ನಮ್ಮ ತಮ್ಮನ ಮಗಳು ಒಂದು ಭಾನುವಾರ ಮಧ್ಯಾಹ್ನ, “ದೊಡ್ಡಪ್ಪ, ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿ, ಬೇಕಾದರೆ ಆಮೇಲೆ ಬೈಯಿರಿ” ಎಂದು ಹಟ ಹಿಡಿದುದರಿಂದ ಕುಳಿತೆವು. ಹತ್ತು ನಿಮಿಷವು ಮುಕ್ಕಾಲು ಘಂಟೆಯಾಯಿತು. ಬೈಯುವುದು ಮರೆತುಹೋಯಿತು.

ಆಕೆಯು ಕೇಳಿಸಿದುದು ‘ಲಿಟಲ್ ಸಿಮ್ಜ್’ ಎಂಬ ಹೆಸರಿನಿಂದ ಹಾಡುವ ಲಂಡನ್ನಿನ ತರುಣಿಯೊಬ್ಬಳ ಧ್ವನಿಮುದ್ರಿಕೆ. 2025ನೆಯ ಇಸವಿ ಜೂನ್ 6ರಂದು ಹೊರಬಂದ ಇದರ ಹೆಸರು ‘ಲೋಟಸ್’, ಎಂದರೆ ತಾವರೆ. ಕೆಸರು ನೀರಿನಲ್ಲಿಯೂ ಅರಳುವ ಹೂವೆಂಬ ಕಾರಣದಿಂದಲೇ ಆಕೆಯು ಈ ಹೆಸರನ್ನಿಟ್ಟಿರುವಳು. ಪಂಕಜವೆಂಬ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ಹೇಳಿಮುಗಿಸಿದ ಸಂಗತಿಯನ್ನು ಈ ಹುಡುಗಿಯು ಹದಿಮೂರು ಹಾಡುಗಳಲ್ಲಿ ಹೇಳಿದ್ದಾಳೆ. ಆದರೆ ಆಕೆಯ ಕೆಸರು ಯಾವುದೆಂಬುದನ್ನು ತಿಳಿಯದೆ ಹಾಡಿನ ಸ್ವಾರಸ್ಯವು ತಿಳಿಯಲಾರದು.

ಮೊದಲು ಈ ಕಲೆಯ ವಿಷಯವಾಗಿ ಎರಡು ಮಾತು. ಹಿಪ್‌ಹಾಪ್ ಎಂಬುದು ಹುಟ್ಟಿದುದು ಇಂಗ್ಲೆಂಡಿನಲ್ಲಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ. 1973ನೆಯ ಆಗಸ್ಟ್ 11ರಂದು ಜಮೈಕದಿಂದ ವಲಸೆ ಬಂದ ಮನೆತನದ ತರುಣನೊಬ್ಬನು ತನ್ನ ತಂಗಿಯು ಏರ್ಪಡಿಸಿದ್ದ ಸಂತೋಷಕೂಟದಲ್ಲಿ ಎರಡು ತಟ್ಟೆಗಳನ್ನು ತಿರುಗಿಸಿ, ಬರಿಯ ತಾಳವಾದ್ಯದ ಭಾಗವನ್ನೇ ಮತ್ತೆ ಮತ್ತೆ ನುಡಿಸಿದನಂತೆ. ಆ ತಾಳದ ಮೇಲೆ ಮಾತು ಕಟ್ಟಿ ಹೇಳುವುದೇ ರ‍್ಯಾಪ್. ನಮ್ಮ ಷಟ್ಪದಿಯಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ ಕುಳಿತಿದ್ದರೆ, ಇವರದು ಸಾಲಿನ ಕೊನೆಯಲ್ಲಿಯೂ ನಡುವೆಯೂ ಎಲ್ಲೆಂದರಲ್ಲಿ ಇಣುಕುವುದು. ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕೆಂಬುದೇ ಅದರಲ್ಲಿ ಅರ್ಧ ವಿದ್ಯೆ.

ಸಿಮ್ಜಳ ನಿಜವಾದ ಹೆಸರು ಸಿಂಬಿಯಾಟು ಅಜಿಕಾವೊ. ನೈಜೀರಿಯದ ಯೊರುಬ ಜನಾಂಗದ ತಂದೆತಾಯಿಗಳಿಗೆ 1994ನೆಯ ಫೆಬ್ರವರಿಯಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಭಾಗದಲ್ಲಿ ಹುಟ್ಟಿದವಳು. ಅಲ್ಲಿನ ಸೇಂಟ್ ಮೇರೀಸ್ ಎಂಬ ಬಾಲಕ ಬಾಲಕಿಯರ ಸಂಘದಲ್ಲಿ ಎಳೆತನದಲ್ಲಿಯೇ ಕುಣಿತವನ್ನೂ ಹಾಡನ್ನೂ ಅಭಿನಯವನ್ನೂ ಕಲಿತಳು. ‘ಟಾಪ್ ಬಾಯ್’ ಎಂಬ ದೂರದರ್ಶನದ ಕಥಾಮಾಲೆಯಲ್ಲಿ 2019ರಿಂದ 2023ರವರೆಗೆ ನಟಿಸಿದವಳೂ ಈಕೆಯೇ. ತಂದೆಯು ಮನೆಯಿಂದ ದೂರವಾದ ನೋವನ್ನು ಹಿಂದೊಂದು ಹಾಡಿನಲ್ಲಿ ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದಾಳೆ. 2022ನೆಯ ಫೆಬ್ರವರಿಯಲ್ಲಿ ‘ಬ್ರಿಟ್’ ಪಾರಿತೋಷಕವು ದೊರೆತಾಗ ವೇದಿಕೆಯ ಮೇಲಕ್ಕೆ ಒಬ್ಬಳೇ ಹೋಗದೆ ತಾಯಿಯನ್ನೂ ಕರೆದುಕೊಂಡು ಹೋದಳು. ನಾಲ್ಕು ದೊಡ್ಡ ಮುದ್ರಿಕೆಗಳನ್ನು ತಂದ ಮೇಲೆ ಕೊಟ್ಟ ಆ ಬಹುಮಾನದ ಹೆಸರು ‘ಉತ್ತಮ ಹೊಸ ಕಲಾವಿದೆ’! ದೊಡ್ಡವರ ಕಣ್ಣಿಗೆ ಸಣ್ಣವರು ಬೀಳುವುದು ಯಾವಾಗಲೂ ತುಸು ತಡವಾಗಿಯೇ.

ಇಷ್ಟು ತಡವಾದುದಕ್ಕೆ ಒಂದು ಕಾರಣವುಂಟು. ಆ ದೇಶದಲ್ಲಿ ಹಾಡುಗಾರರು ಸಾಮಾನ್ಯವಾಗಿ ದೊಡ್ಡ ಮುದ್ರಣ ಕಂಪೆನಿಗಳೊಡನೆ ಕರಾರು ಮಾಡಿಕೊಳ್ಳುವರು. ಕಂಪೆನಿಯು ಮುಂಗಡ ಹಣವನ್ನು ಕೊಡುವುದು. ಬಂದ ಆದಾಯದಲ್ಲಿ ಅದನ್ನು ಮುರಿದುಕೊಳ್ಳುವುದು. ಮೂಲ ಮುದ್ರಿಕೆಯ ಒಡೆತನವು ಅನೇಕ ವೇಳೆ ಕಂಪೆನಿಯಲ್ಲಿಯೇ ಉಳಿಯುವುದು. ಸಿಮ್ಜಳು ಈ ದಾರಿಯನ್ನು ಹಿಡಿಯಲಿಲ್ಲ. ‘ಏಜ್ 101’ ಎಂಬ ತನ್ನದೇ ಆದ ಸಂಸ್ಥೆಯ ಮೂಲಕ 2015ರಲ್ಲಿ ಮೊದಲನೆಯ ಮುದ್ರಿಕೆಯನ್ನು ತಂದಳು. 2021ರಲ್ಲಿ ತಂದ ನಾಲ್ಕನೆಯದರ ಹೆಸರಿನ ಅರ್ಥ ‘ಒಮ್ಮೊಮ್ಮೆ ನಾನು ಅಂತರ್ಮುಖಿಯಾಗಿರಬಹುದು’ ಎಂದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಸಿಂಬಿ’ ಎಂಬ ಆಕೆಯ ಮುದ್ದಿನ ಹೆಸರಾಗುವುದು. ತುತ್ತೂರಿ ನಗಾರಿಗಳ ಅಬ್ಬರದೊಂದಿಗೆ ತೊಡಗುವ ಆ ಮುದ್ರಿಕೆಗೆ 2022ನೆಯ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಂಗೀತಗಾರರು ಬಹುವಾಗಿ ಬಯಸುವ ಮರ್ಕ್ಯುರಿ ಬಹುಮಾನವೂ 25,000 ಪೌಂಡುಗಳೂ ಬಂದುವು. ಸಮಾರಂಭವು ಸೆಪ್ಟೆಂಬರ್ 8ರಂದೇ ನಡೆಯಬೇಕಾಗಿದ್ದಿತು. ಅದೇ ದಿನ ಎಲಿಜಬೆತ್ ರಾಣಿಯವರು ಕಾಲವಾದುದರಿಂದ ಮುಂದಕ್ಕೆ ಹೋಯಿತು.

ಆದರೆ ಈ ಎರಡು ಬಹುಮಾನಗಳ ನಡುವೆ, ಅದೇ ವರುಷದ ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ಸಂಚಾರವನ್ನು ಆಕೆಯು ರದ್ದುಮಾಡಬೇಕಾಯಿತು. ಸ್ವತಂತ್ರಳಾದ್ದರಿಂದ ಎಲ್ಲ ವೆಚ್ಚವನ್ನೂ ತಾನೇ ಭರಿಸಬೇಕು, ಒಂದು ತಿಂಗಳ ಸಂಚಾರವು ತನ್ನನ್ನು ಭಾರಿ ನಷ್ಟಕ್ಕೆ ಗುರಿಮಾಡುವುದು ಎಂದು ಮರೆಮಾಚದೆ ತಿಳಿಸಿದಳು. ಸಭೆಯಲ್ಲಿ ಹಾರ, ಮನೆಯ ಲೆಕ್ಕದ ಪುಸ್ತಕದಲ್ಲಿ ಕೊರತೆ! ಸ್ವಾತಂತ್ರ್ಯದ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕಲಾವಿದರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ವಾಚಕರಿಗೆ ಮೋಸವಾದೀತು. ‘ಲೋಟಸ್’ ಮುದ್ರಿಕೆಯನ್ನು ಹೊರತಂದ ‘ಎವಾಲ್’ ಎಂಬ ಸಂಸ್ಥೆಯು ಸ್ವತಂತ್ರ ಕಲಾವಿದರಿಗಾಗಿಯೇ ಹೆಸರಾದುದಾದರೂ, 2021ರಲ್ಲಿ ಸೋನಿ ಎಂಬ ಮಹಾಕಂಪೆನಿಯು ಅದನ್ನು ಕೊಂಡಿತು. ಆದುದರಿಂದ ಹೊಸ ಮುದ್ರಿಕೆಯನ್ನು ಎಷ್ಟರಮಟ್ಟಿಗೆ ಸ್ವತಂತ್ರವೆನ್ನಬೇಕೆಂಬುದು ಚರ್ಚೆಯ ವಿಷಯ. ಹಾಡಿದ ಮನಸ್ಸು ಮಾತ್ರ ಸ್ವತಂತ್ರವೇ ಎಂದು ನಮ್ಮ ಎಣಿಕೆ.

ಇನ್ನು ಕೆಸರಿನ ಮಾತು. ಇದರ ಹಿಂದಿನ ಮೂರು ದೊಡ್ಡ ಮುದ್ರಿಕೆಗಳಿಗೂ ಸಂಗೀತವನ್ನು ಅಳವಡಿಸಿದವನು ‘ಇನ್‌ಫ್ಲೋ’ ಎಂಬಾತ, ಎಳೆತನದ ಗೆಳೆಯ. ಆಕೆಯ ಮಾತೂ ಆತನ ಸಂಗೀತವೂ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದ್ದುವು. ಆ ಸ್ನೇಹವು ಮುರಿಯಿತು. ಸಾಲವಾಗಿ ಕೊಟ್ಟ ಹದಿನೇಳು ಲಕ್ಷ ಪೌಂಡುಗಳಷ್ಟು ಹಣವು ತನಗೆ ಹಿಂದಿರುಗಲಿಲ್ಲವೆಂದು ಆಕೆಯು ನ್ಯಾಯಾಲಯಕ್ಕೆ ಹೋದ ಸಂಗತಿಯು 2025ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತು. ಇದು ಆಕೆಯ ವಾದ. ನ್ಯಾಯಾನ್ಯಾಯಗಳನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಹಣದ ವ್ಯವಹಾರವು ಬಾಲ್ಯಸ್ನೇಹದ ನಡುವೆ ಹೊಕ್ಕರೆ ಏನಾಗುವುದೆಂಬುದನ್ನು ಯಾವ ಸಂಸಾರಸ್ಥರಿಗೂ ಬಿಡಿಸಿ ಹೇಳಬೇಕಾಗಿಲ್ಲ.

‘ಥೀಫ್’ ಎಂಬ ಮೊದಲನೆಯ ಹಾಡೇ, ಎಂದರೆ ‘ಕಳ್ಳ’, ಈ ಕೋಪದಿಂದ ಕುದಿಯುತ್ತಿರುವುದು. ಯಾರ ಹೆಸರನ್ನೂ ಹೇಳಿಲ್ಲ, ಧ್ವನಿಯನ್ನೂ ಏರಿಸಿಲ್ಲ. ಹಲ್ಲು ಕಚ್ಚಿಕೊಂಡು ಮೆಲ್ಲನೆ ಆಡಿದ ಮಾತಿಗೆ ಕೂಗಾಟಕ್ಕಿಂತ ಕಾವು ಹೆಚ್ಚು. ‘ಲೋನ್ಲಿ’ ಎಂಬ ಹಾಡಿನಲ್ಲಿ, ಹಳೆಯ ಸಂಗಡಿಗನಿಲ್ಲದೆ ಮುದ್ರಿಕೆಯನ್ನು ಮಾಡಲು ಕುಳಿತು, ಕೈಲಾಗದೆ ಎದ್ದು, ಮತ್ತೆ ಕುಳಿತ ಕಥೆಯಿದೆ. ಈ ಸಲ ಸಂಗೀತವನ್ನು ಒದಗಿಸಿದವನು ಮೈಲ್ಸ್ ಕ್ಲಿಂಟನ್ ಜೇಮ್ಸ್ ಎಂಬಾತನು. ಮರ್ಕ್ಯುರಿ ಬಹುಮಾನವನ್ನು ಹಿಂದೆ ಪಡೆದ ಮೈಕೆಲ್ ಕಿವಾನುಕ, ಸ್ಯಾಂಫಾ ಇವರಿಬ್ಬರೂ ದನಿಗೂಡಿಸಿದ್ದಾರೆ. ಹೆಸರಿನ ಹಾಡಾದ ‘ಲೋಟಸ್’ನಲ್ಲಿ ಯೂಸೆಫ್ ಡೇಸ್ ಎಂಬವನ ತಾಳವಾದ್ಯವು ಕೊನೆಕೊನೆಗೆ ಬಿಟ್ಟ ಕುದುರೆಯಂತೆ ಓಡುವುದು. ‘ಯಂಗ್’ ಎಂಬ ಹಾಸ್ಯದ ಹಾಡು ಮಾತ್ರ ನಮಗೆ ರುಚಿಸಲಿಲ್ಲ. ಹುಡುಗಿಯು ಅದನ್ನು ಕೇಳಿ ಬಿದ್ದುಬಿದ್ದು ನಕ್ಕಳು. ವಯಸ್ಸಿನ ದೋಷವಿರಬಹುದು, ಯಾರ ವಯಸ್ಸೆಂದು ಹೇಳೆವು.

ನಮ್ಮನ್ನು ಹಿಡಿದು ಕೂರಿಸಿದುದು ಹತ್ತನೆಯ ಹಾಡು. ಅದರ ಹೆಸರು ‘ಬ್ಲಡ್’, ರಕ್ತ. ಕೊಲೆಯ ರಕ್ತವಲ್ಲ, ಒಡಹುಟ್ಟಿದ ರಕ್ತ. ಅಣ್ಣತಂಗಿಯರಿಬ್ಬರು ದೂರವಾಣಿಯಲ್ಲಿ ಮಾತನಾಡುವಂತೆ ಅದನ್ನು ಕಟ್ಟಿದೆ. ಅಣ್ಣನ ಮಾತನ್ನು ರೆಚ್ 32 ಎಂಬ ಹಿರಿಯ ರ‍್ಯಾಪ್‌ಗಾರನೂ, ತಂಗಿಯದನ್ನು ಸಿಮ್ಜಳೂ ಹೇಳುವರು. ನಡುನಡುವೆ ಪಲ್ಲವಿಯನ್ನು ಹಾಡುವವನು ಕ್ಯಾಶ್ ಎಂಬಾತನು. ಲಂಡನ್ನಿನಲ್ಲಿ ಬೆಳೆದು, 2014ರಲ್ಲಿ ಜಮೈಕಕ್ಕೆ ಗಡೀಪಾರಾಗಿ, ಎಷ್ಟೋ ವರುಷಗಳ ತರುವಾಯ ಹಿಂದಿರುಗಿದವನು. ಮನೆಯವರಿಂದ ದೂರವಿರುವುದೆಂದರೇನೆಂದು ಬಲ್ಲ ಕಂಠ. ಮೊದಲು ಕ್ಷೇಮಸಮಾಚಾರ. ಅನಂತರ ಒಂದು ಸಣ್ಣ ಕೊಂಕು. ಅದಕ್ಕೊಂದು ಉತ್ತರ. ನೋಡನೋಡುತ್ತಿರುವಂತೆಯೇ ಇಬ್ಬರೂ ವರುಷಗಟ್ಟಲೆ ಒಳಗಿಟ್ಟುಕೊಂಡಿದ್ದ ದೂರುಗಳನ್ನೆಲ್ಲ ಹೊರಗೆ ಸುರಿಯುವರು. ದುಡಿಯುವವರ ಹೊರೆಯು ಮನೆಯವರಿಗೆ ಕಾಣುವುದಿಲ್ಲ. ಮನೆಯವರ ಬೇಸರವು ದುಡಿಯುವವರಿಗೆ ಕೇಳಿಸುವುದಿಲ್ಲ. ಇಂಗ್ಲಿಷಿನ ಆ ಬೀದಿಮಾತುಗಳಲ್ಲಿ ಅರ್ಧವೂ ನಮಗೆ ತಿಳಿಯಲಿಲ್ಲ. ಹುಡುಗಿಯು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದಳು. ಆದರೆ ಆ ದನಿಯ ಏರಿಳಿತಕ್ಕೆ ಅರ್ಥ ಹೇಳುವವರೇ ಬೇಕಾಗಲಿಲ್ಲ. ಜಗಳವು ತಣ್ಣಗಾಗಿ, ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯು ಹೊರಗೆ ಬರುವಷ್ಟರಲ್ಲಿ ಒಳಗಿನಿಂದ ನಮ್ಮ ಮನೆಯವರೂ ಬಂದು ಬಾಗಿಲಲ್ಲಿ ನಿಂತಿದ್ದರು.

ಇನ್ನೂ ಮೂರು ಹಾಡುಗಳಿದ್ದುವು. ಅವನ್ನು ಸಂಜೆಗೆ ಕೇಳೋಣವೆಂದೆವು. ಹುಬ್ಬಳ್ಳಿಯಲ್ಲಿರುವ ನಮ್ಮ ತಂಗಿಗೆ ಫೋನು ಮಾಡಿ ಎಷ್ಟು ದಿನವಾಗಿತ್ತೋ ನೆನಪಿರಲಿಲ್ಲ. ಕರೆದಾಗ ಆಕೆಯು ಗಾಬರಿಯಾಗಿ, “ಏನಣ್ಣ, ಈ ಹೊತ್ತಿನಲ್ಲಿ? ಮನೆಯಲ್ಲೆಲ್ಲ ಕ್ಷೇಮವಷ್ಟೆ?” ಎಂದಳು.