ಬಿಳಿ ರಕ್ತಕಣಗಳಿಗೊಂದು ಊರುಗೋಲು

ಅರ್ಬುದ ರೋಗಕ್ಕೆ ಕೊಡುವ ಕಿಮೊಥೆರಪಿಯ ಹೆಸರನ್ನು ಕೇಳದವರು ಇಂದು ವಿರಳ. ಅದರಿಂದ ಕೂದಲು ಉದುರುವುದನ್ನೂ ವಾಂತಿಯಾಗುವುದನ್ನೂ ಎಲ್ಲರೂ ಬಲ್ಲರು. ಆದರೆ ಕಣ್ಣಿಗೆ ಕಾಣಿಸದ ಇನ್ನೊಂದು ತೊಂದರೆ ಇವೆರಡಕ್ಕಿಂತಲೂ ಅಪಾಯಕರವಾದುದು. ಅದೇ ರಕ್ತದ ಬಿಳಿಕಣಗಳು ಇಳಿಯುವುದು.

ಹೀಗೇಕಾಗುತ್ತದೆ? ಅರ್ಬುದದ ಜೀವಕೋಶಗಳು ಬೇಗ ಬೇಗನೆ ವೃದ್ಧಿಯಾಗುವಂಥವು. ಕಿಮೊಥೆರಪಿಯ ಹೆಚ್ಚಿನ ಮದ್ದುಗಳು ಅಂಥ ಕೋಶಗಳನ್ನು ಕೊಲ್ಲುತ್ತವೆ. ಅವು ರೋಗದವೋ ದೇಹದವೋ ಎಂಬ ಭೇದ ಮದ್ದಿಗೆ ತಿಳಿಯದು. ನಮ್ಮ ಎಲುಬಿನ ಮಜ್ಜೆಯಲ್ಲಿ ಹಗಲಿರುಳೂ ರಕ್ತಕಣಗಳು ತಯಾರಾಗುತ್ತಿರುವುದರಿಂದ ಅಲ್ಲಿಗೂ ಪೆಟ್ಟು ಬೀಳುತ್ತದೆ. ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವು ರೋಗಾಣುಗಳನ್ನು ನುಂಗುವ ಕಾವಲುಗಾರರು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 2000ದಿಂದ 7000ದ ವರೆಗೆ ಇರುತ್ತವೆ. 500ಕ್ಕಿಂತ ಕೆಳಗಿಳಿದರೆ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾದೀತು.

ಮಜ್ಜೆಗೆ "ಬಿಳಿಕಣಗಳನ್ನು ತಯಾರಿಸು" ಎಂದು ಆಜ್ಞೆ ಕೊಡುವ ಒಂದು ಪ್ರೋಟೀನು ನಮ್ಮ ದೇಹದಲ್ಲಿಯೇ ಉಂಟು. ವಿಜ್ಞಾನಿಗಳು ಬ್ಯಾಕ್ಟೀರಿಯಗಳಿಂದ ಅದನ್ನು ತಯಾರಿಸಲು ಕಲಿತರು. ಅದರ ಹೆಸರು ಫಿಲ್‌ಗ್ರಾಸ್ಟಿಮ್. 1991ರಲ್ಲಿ ಅಮೇರಿಕದಲ್ಲಿ ಇದಕ್ಕೆ ಮಂಜೂರಾತಿ ದೊರೆಯಿತು. ಇದನ್ನು ಚರ್ಮದಡಿ ದಿನಕ್ಕೊಮ್ಮೆ ಚುಚ್ಚುತ್ತಾರೆ. ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಇನ್ನೊಂದು ರೂಪವನ್ನು ಕಿಮೊಥೆರಪಿಯ ಒಂದು ಸರದಿಗೆ ಒಮ್ಮೆ ಕೊಟ್ಟರೆ ಸಾಕು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮೈಲಾನ್ ಎಂಬ ಕಂಪೆನಿಯೊಡನೆ ಸೇರಿ ಸಿದ್ಧಪಡಿಸಿದ ಈ ಬಗೆಯ ಮದ್ದಿಗೆ 2018ರಲ್ಲಿ ಅಮೇರಿಕದ ಒಪ್ಪಿಗೆ ಸಿಕ್ಕಿದ್ದು ನಮಗೆ ಹೆಮ್ಮೆಯ ವಿಷಯ. ಇದು ಅರ್ಬುದವನ್ನು ಗುಣಪಡಿಸುವ ಮದ್ದಲ್ಲ. ಚಿಕಿತ್ಸೆಯನ್ನು ತಾಳಿಕೊಳ್ಳಲು ರೋಗಿಗೆ ಊರುಗೋಲು ಮಾತ್ರ. ಎಲ್ಲ ರೋಗಿಗಳಿಗೂ ಇದು ಬೇಕಾಗುವುದಿಲ್ಲ.

ಇದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದು. ಬೇರೆ ಬೇರೆ ಕಂಪೆನಿಗಳ ಬೆಲೆಯಲ್ಲಿ ಅಂತರವಿರುವುದರಿಂದ ಕಡಿಮೆ ಬೆಲೆಯದು ಆದೀತೇ ಎಂದು ವೈದ್ಯರನ್ನೇ ಕೇಳಬೇಕು. 2024ರಲ್ಲಿ ಕೇರಳ ಸರಕಾರವು ಕೆಲವು ಕಾರುಣ್ಯ ಫಾರ್ಮಸಿಗಳಲ್ಲಿ ಅರ್ಬುದದ ಮದ್ದುಗಳನ್ನು ಲಾಭವಿಲ್ಲದೆ ಮಾರುವ ಕೌಂಟರುಗಳನ್ನು ತೆರೆಯಿತು. ಅಲ್ಲಿಯೂ ವಿಚಾರಿಸಬಹುದು.

ಈ ಮದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಮಂಗಳೂರಿನಲ್ಲೋ ತಲಶ್ಶೇರಿಯಲ್ಲೋ ಕೊಂಡು ಬಸ್ಸಿನಲ್ಲಿ ತರುವವರು ಐಸ್ ಇಟ್ಟ ಪೆಟ್ಟಿಗೆಯಲ್ಲಿ, ಮದ್ದು ಐಸಿಗೆ ತಾಗದಂತೆ ಬಟ್ಟೆ ಸುತ್ತಿ ತರಬೇಕು. ಹೆಪ್ಪುಗಟ್ಟಿದರೆ ಕೆಡುತ್ತದೆ, ಆದುದರಿಂದ ಫ್ರೀಜರಿನಲ್ಲಿ ಇಡಬಾರದು. ಕುಲುಕಲೂಬಾರದು. ಕಿಮೊಥೆರಪಿ ಮುಗಿದು 24 ಗಂಟೆ ಕಳೆಯುವ ಮೊದಲು ಚುಚ್ಚಿಸಬಾರದು. ಎಷ್ಟು ದಿನ ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ, ನಾವಾಗಿ ನಿಲ್ಲಿಸಬಾರದು. ಎಲುಬು ನೋಯುವುದುಂಟು, ಅದಕ್ಕೆ ಹೆದರಬೇಕಾಗಿಲ್ಲ. ವೈದ್ಯರಿಗೆ ತಿಳಿಸಿದರೆ ಪರಿಹಾರ ಹೇಳುತ್ತಾರೆ. ಹೊಟ್ಟೆಯ ಎಡಮೇಲ್ಭಾಗದಲ್ಲಿ ತೀವ್ರ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಚುಚ್ಚುಮದ್ದು ಕೊಡಿಸಿದ ಮೇಲೂ ಜ್ವರ ಬರಬಹುದು. ಕಿಮೊಥೆರಪಿಯಲ್ಲಿರುವವರ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ನಡುರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯಬಾರದು. ಮನೆಯಲ್ಲಿದ್ದ ಜ್ವರದ ಮಾತ್ರೆ ಕೊಟ್ಟು ಸುಮ್ಮನಾದರೆ ಬಿಸಿ ಇಳಿದೀತು, ಒಳಗಿನ ಸೋಂಕು ಬೆಳೆಯುತ್ತಲೇ ಇದ್ದೀತು.

ವಿದ್ಯಾರ್ಥಿಗಳೇ, ಅರ್ಬುದ ಅಂಟುರೋಗವಲ್ಲ. ರೋಗಿಯಿಂದ ನೀವು ದೂರ ಸರಿಯಬೇಕಾಗಿಲ್ಲ. ನಿಮಗೆ ನೆಗಡಿ ಕೆಮ್ಮು ಇದ್ದಾಗ ಮಾತ್ರ ರೋಗಿಯ ಹಿತಕ್ಕಾಗಿ ದೂರವಿರಿ. ಕೈ ತೊಳೆದೇ ಬಳಿಗೆ ಹೋಗಿರಿ. ನಮ್ಮ ಕಡೆ ಚೀಟಿ ಇಂಗ್ಲಿಷಿನಲ್ಲಿ, ದಾದಿಯ ಮಾತು ಮಲೆಯಾಳದಲ್ಲಿ, ಮನೆಯ ಅಜ್ಜಿಗೆ ಬರುವ ಅಕ್ಷರ ಕನ್ನಡ ಮಾತ್ರ. ಮೂರನ್ನೂ ಬಲ್ಲವರು ಹೆಚ್ಚಾಗಿ ನೀವೇ. ಚುಚ್ಚುಮದ್ದಿನ ದಿನಾಂಕ, ಜ್ವರದ ಆ ಅಂಕೆ, ಆಸ್ಪತ್ರೆಯ ದೂರವಾಣಿ ಸಂಖ್ಯೆ, ಈ ಮೂರನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಕಲಿತ ವಿದ್ಯೆ ಮನೆಗೆ ಒದಗುವುದು ಇಂಥ ಹೊತ್ತಿನಲ್ಲಿಯೇ.