‘ಸಬ್ಜೆಕ್ಟ್ ಟು’: ಆದೇಶ ಪತ್ರಗಳಲ್ಲಿ ಅರ್ಥ, ನಡಾವಳಿಯಲ್ಲಿ ಬಳಕೆ

ಮೇಲಿನ ಕಛೇರಿಗಳಿಂದ ಬರುವ ಅನುದಾನದ ಪತ್ರಗಳಲ್ಲಿ ಹಾಗೂ ಅನುಮೋದನೆಯ ಆದೇಶಗಳಲ್ಲಿ ‘ಸಬ್ಜೆಕ್ಟ್ ಟು’ ಎಂಬ ಆಂಗ್ಲ ಪದಪುಂಜವು ಮೇಲಿಂದ ಮೇಲೆ ಕಾಣಬರುತ್ತದೆ. ಓದುವವರ ಕಣ್ಣು ಅದನ್ನು ದಾಟಿ ಮೊತ್ತದ ಮೇಲೆ ನಿಲ್ಲುವುದು ಸಹಜ. ಆದರೆ ಆ ಮೊತ್ತವು ಖಚಿತವೋ ಅಲ್ಲವೋ ಎಂಬುದನ್ನು ತಿಳಿಸುವುದು ಈ ಎರಡು ಪದಗಳೇ.

ಪತ್ರದ ಮೇಲ್ಭಾಗದಲ್ಲಿರುವ ‘ಸಬ್ಜೆಕ್ಟ್’ ಎಂದರೆ ‘ವಿಷಯ’. ಅದಕ್ಕೆ ‘ಟು’ ಸೇರಿದೊಡನೆ ಅರ್ಥವು ‘ಒಳಪಟ್ಟು’ ಎಂದಾಗುತ್ತದೆ. ‘ಸಬ್ಜೆಕ್ಟ್ ಟು ಅವೈಲಬಿಲಿಟಿ ಆಫ್ ಫಂಡ್ಸ್’ ಎಂಬುದನ್ನು ಪದಕ್ಕೆ ಪದವಿಟ್ಟು ‘ಅನುದಾನ ಲಭ್ಯತೆಯ ವಿಷಯ’ ಎಂದು ಬರೆದರೆ, ಅನುದಾನವು ಲಭ್ಯವಿದೆಯೆಂದೇ ಓದಿದವರು ತಿಳಿಯಬಹುದು. ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂಬುದು ಸರಿಯಾದ ರೂಪ. ಹಣ ಬಂದರೆ ಕಾಮಗಾರಿ ಉಂಟು, ಬಾರದಿದ್ದರೆ ಇಲ್ಲ. ಇಂತಹ ಪತ್ರವನ್ನು ಮಂಜೂರಾತಿಯೆಂದು ಭಾವಿಸಿ ವಾರ್ಡಿನ ಜನರಿಗೆ ಚರಂಡಿಯ ಭರವಸೆ ಕೊಟ್ಟ ಸದಸ್ಯರು ಮುಂದಿನ ಗ್ರಾಮ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಪತ್ರ ಬರೆದವರನ್ನು ಆಗ ಯಾರೂ ಕೇಳುವುದಿಲ್ಲ.

ಕಾನೂನಿನ ಭಾಷೆಯಲ್ಲಿ ಇದು ದಾರಿ ಬಿಟ್ಟುಕೊಡುವ ಪದ. 1992ರ 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243ಜಿ ಅನುಚ್ಛೇದವು ಆರಂಭವಾಗುವುದೇ ಈ ಪದಪುಂಜದಿಂದ. ಪಂಚಾಯಿತಿಗಳಿಗೆ ಅಧಿಕಾರ ವಹಿಸಿಕೊಡುವ ರಾಜ್ಯ ವಿಧಾನಮಂಡಲದ ಶಕ್ತಿಯು ಸಂವಿಧಾನದ ಉಪಬಂಧಗಳಿಗೆ ಒಳಪಟ್ಟಿದೆ ಎಂಬುದು ಅದರ ತಾತ್ಪರ್ಯ. ಇದಕ್ಕೆ ತದ್ವಿರುದ್ಧವಾದುದು ‘ನಾಟ್‌ವಿತ್‌ಸ್ಟ್ಯಾಂಡಿಂಗ್’. ಕನ್ನಡದ ಅಧಿನಿಯಮಗಳಲ್ಲಿ ‘ಏನೇ ಒಳಗೊಂಡಿದ್ದರೂ’ ಎಂದು ಬರುವ ಆ ಪದವಿದ್ದ ನಿಯಮವು ಉಳಿದುದನ್ನು ಮೀರಿ ನಿಲ್ಲುತ್ತದೆ.

ಸಾಮಾನ್ಯ ಸಭೆಯ ನಡಾವಳಿಯಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ‘ತಾಂತ್ರಿಕ ಮಂಜೂರಾತಿಗೆ ಒಳಪಟ್ಟು ಕಾಮಗಾರಿಯನ್ನು ಅನುಮೋದಿಸಲಾಯಿತು’ ಎಂಬ ನಿರ್ಣಯದಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಕೆಲಸವನ್ನು ಈಗಲೇ ಆರಂಭಿಸಬಹುದೇ ಎಂಬ ಪ್ರಶ್ನೆಗೆ ಅದು ಬಾಯಿಬಿಟ್ಟು ಉತ್ತರಿಸುವುದಿಲ್ಲ. ಸಭೆ ಒಪ್ಪಿತಲ್ಲ, ಮಂಜೂರಾತಿಯ ಕಾಗದ ಆಮೇಲೆ ಬಂದೀತು ಎಂದು ಗುತ್ತಿಗೆದಾರರು ಬುನಾದಿ ಅಗೆದರೆ, ಬಿಲ್ಲಿನ ಹಂತದಲ್ಲಿ ಆಕ್ಷೇಪಣೆ ಏಳುತ್ತದೆ. ‘ಸಕ್ಷಮ ಪ್ರಾಧಿಕಾರದ ತಾಂತ್ರಿಕ ಮಂಜೂರಾತಿ ದೊರೆತ ನಂತರವೇ ಕಾರ್ಯಾದೇಶ ನೀಡತಕ್ಕದ್ದು’ ಎಂದು ಬರೆದರೆ ಸಂದೇಹಕ್ಕೆ ಎಡೆಯಿಲ್ಲ. ವಾಕ್ಯ ತುಸು ಉದ್ದವಾದರೂ ಚಿಂತೆಯಿಲ್ಲ.

ಮೊತ್ತಕ್ಕೆ ಮಿತಿ ಹಾಕುವಾಗ ‘5,00,000 ರೂಪಾಯಿಗಳಿಗೆ ಒಳಪಟ್ಟು’ ಎನ್ನುವುದಕ್ಕಿಂತ ‘5,00,000 ರೂಪಾಯಿಗಳನ್ನು ಮೀರದಂತೆ’ ಎಂಬುದೇ ಸ್ಪಷ್ಟ.

ಷರತ್ತು ಯಾವುದಕ್ಕೆ ಅನ್ವಯಿಸುತ್ತದೆ ಎಂಬುದೂ ಗಮನಾರ್ಹ. ‘ಅನುದಾನದ ಲಭ್ಯತೆಗೆ ಒಳಪಟ್ಟು ಚರಂಡಿ ನಿರ್ಮಾಣ ಮತ್ತು ಬೀದಿ ದೀಪಗಳ ದುರಸ್ತಿಯನ್ನು ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದಾಗ ಷರತ್ತು ಎರಡಕ್ಕೂ ತಗಲುತ್ತದೆ. ದುರಸ್ತಿಯ ಹಣ ಪಂಚಾಯಿತಿಯ ಖಾತೆಯಲ್ಲಿಯೇ ಇದ್ದರೂ, ಚರಂಡಿಯ ಅನುದಾನ ಬರುವವರೆಗೆ ಬೀದಿಯು ಕತ್ತಲಲ್ಲಿ ಉಳಿದೀತು. ಇಂತಹ ಸಂದರ್ಭದಲ್ಲಿ ಎರಡು ಪ್ರತ್ಯೇಕ ನಿರ್ಣಯಗಳನ್ನು ದಾಖಲಿಸುವಂತೆ ಸದಸ್ಯರು ಸಭೆಯಲ್ಲಿಯೇ ಸೂಚಿಸಬಹುದು.